ಪಾಡ್‌ಕಾಸ್ಟ್: ಕಾಲಲ್ಲಿ ವೇಗ ಇದೆ, ಸರಿ, ಮಾರಿದರೆ ಏನು ಸಿಗುತ್ತೆ?

ಇವತ್ತು ಹಾಕಿ ಮಾತಾಡೋಣ. ಹಾಕಿ ಅಂದ ತಕ್ಷಣ ನಮಗೆ ಕೊಡಗಿನ ಮೈದಾನಗಳು ನೆನಪಾಗ್ತವೆ. ಆದರೆ ಇದು ಮಂಜುಗಡ್ಡೆ ಮೇಲಿನ ಹಾಕಿ, ಅಮೆರಿಕ ಮತ್ತು ಕೆನಡಾದ ಎನ್‌ಎಚ್‌ಎಲ್ ಲೀಗ್. ಟೊರಾಂಟೊ, ನ್ಯೂಜೆರ್ಸಿ ಕಡೆ ನೆಲೆಸಿರೋ ಕನ್ನಡಿಗರಲ್ಲಿ ಈ ಆಟದ ಹುಚ್ಚು ಹತ್ತಿಸಿಕೊಂಡವರು ಇದ್ದಾರೆ. ಫೆಬ್ರುವರಿ, ಮಾರ್ಚ್ ಬಂತೆಂದರೆ ಅಲ್ಲಿ ಅಭಿಮಾನಿಗಳ ಬಾಯಲ್ಲಿ ಒಂದೇ ಪ್ರಶ್ನೆ: ‘ನಮ್ಮ ಟೀಮಿನ ಮೂರನೇ ಲೈನಿನ ಆ ಹುಡುಗ ಗಾಳಿ ಥರ ಹೋಗ್ತಾನೆ, ಅವನನ್ನ ಟ್ರೇಡ್ ಮಾಡಿದರೆ ಏನು ಸಿಗಬಹುದು?’

ಹೊಸಬರಿಗೆ ಎರಡು ಮಾತು. ಒಂದು ಟೀಮಿನಲ್ಲಿ ಪಂದ್ಯಕ್ಕೆ ಸಾಮಾನ್ಯವಾಗಿ 12 ಫಾರ್ವರ್ಡ್‌ಗಳು ಇರ್ತಾರೆ, ಮೂವರ ಒಂದೊಂದು ಲೈನ್, ಒಟ್ಟು ನಾಲ್ಕು. ಮೊದಲ ಎರಡು ಲೈನಿನವರು ಗೋಲು ಹೊಡೆಯೋದಕ್ಕೆ ದೊಡ್ಡ ಸಂಬಳ ತಗೊಳ್ಳೋರು. ಮೂರನೇ, ನಾಲ್ಕನೇ ಲೈನಿನವರನ್ನ ‘ಡೆಪ್ತ್’ ಆಟಗಾರರು ಅಂತಾರೆ. ಟ್ರೇಡ್ ಅಂದರೆ ದುಡ್ಡಿಗೆ ಮಾರೋದಲ್ಲ. ಆಟಗಾರನ ಬದಲಿಗೆ ಇನ್ನೊಬ್ಬ ಆಟಗಾರ, ಇಲ್ಲವೇ ಮುಂದಿನ ಡ್ರಾಫ್ಟ್‌ನಲ್ಲಿ ಹೊಸ ಹುಡುಗರನ್ನ ಆರಿಸಿಕೊಳ್ಳೋ ಹಕ್ಕು. ಡ್ರಾಫ್ಟ್‌ಗೆ ಏಳು ಸುತ್ತು. ಮೊದಲ ಸುತ್ತಿನ ಆಯ್ಕೆ ಅಂದರೆ ಚಿನ್ನ. ಎರಡನೇ ಸುತ್ತಿನದು ಬೆಳ್ಳಿ ಅನ್ನಬಹುದು, ಆದರೂ ಅಲ್ಲಿ ಆಯ್ಕೆಯಾದ ಬಹುತೇಕ ಹುಡುಗರು ಖಾಯಂ ಆಟಗಾರರಾಗೋದೇ ಇಲ್ಲ.

ಈಗ ಒಬ್ಬ ಮನುಷ್ಯನ ಕಥೆ ಹಿಡಿಯೋಣ: ಮೈಕಲ್ ಗ್ರಾಬ್ನರ್. ಆಸ್ಟ್ರಿಯಾದವರು. 2006ರ ಡ್ರಾಫ್ಟ್‌ನಲ್ಲಿ ವ್ಯಾಂಕೂವರ್ ಅವರನ್ನ ಮೊದಲ ಸುತ್ತಿನಲ್ಲೇ 14ನೆಯವರಾಗಿ ಆರಿಸಿತು. 2010ರ ಜೂನ್‌ನಲ್ಲಿ ಫ್ಲೋರಿಡಾಗೆ ಕಳಿಸಿತು. ಫ್ಲೋರಿಡಾ ಅದೇ ಅಕ್ಟೋಬರ್‌ನಲ್ಲಿ ‘ಯಾರಿಗಾದರೂ ಬೇಕಾದರೆ ತಗೊಂಡು ಹೋಗಿ’ ಅಂತ ವೇವರ್ಸ್ ಪಟ್ಟಿಗೆ ಹಾಕಿತು. ನ್ಯೂಯಾರ್ಕ್ ಐಲ್ಯಾಂಡರ್ಸ್ ಬದಲಿಗೆ ಏನನ್ನೂ ಕೊಡದೆ ಎತ್ತಿಕೊಂಡಿತು. ಆ ಸೀಸನ್‌ನಲ್ಲಿ ಗ್ರಾಬ್ನರ್ 34 ಗೋಲು ಹೊಡೆದರು! 2011ರ ಆಲ್‌ಸ್ಟಾರ್ ವಾರಾಂತ್ಯದಲ್ಲಿ ಅತಿ ವೇಗದ ಸ್ಕೇಟರ್ ಸ್ಪರ್ಧೆಯನ್ನೂ ಗೆದ್ದರು.

ಅಕ್ಟೋಬರ್‌ನಲ್ಲಿ ಬೆಲೆ ಸೊನ್ನೆ, ಜನವರಿಯಲ್ಲಿ ಲೀಗಿನ ಅತಿ ವೇಗದ ಕಾಲು. ಮೂರು ತಿಂಗಳಲ್ಲಿ ಕಾಲು ಬದಲಾಗಿರಲಿಲ್ಲ ತಾನೇ? ಬದಲಾಗಿದ್ದು ಜಾಗ. ಐಲ್ಯಾಂಡರ್ಸ್ ಆಗ ಸೋಲುತ್ತಿದ್ದ ಟೀಮು, ಫಾರ್ವರ್ಡ್‌ಗಳ ಕೊರತೆ ಇತ್ತು, ಹೊಸಬನಿಗೆ ಆಡೋ ನಿಮಿಷಗಳು ಸಿಕ್ಕವು. ಮುಂದಿನ ಮೇನಲ್ಲಿ ಐದು ವರ್ಷಕ್ಕೆ 1.5 ಕೋಟಿ ಡಾಲರ್‌ನ ಒಪ್ಪಂದವೂ ಬಂತು.

ಮುಂದಿನ ವರ್ಷಗಳಲ್ಲಿ ಗೋಲು ಇಳಿಯಿತು. 2015ರ ಸೆಪ್ಟೆಂಬರ್‌ನಲ್ಲಿ ಟೊರಾಂಟೊ ಅವರನ್ನ ತಗೊಂಡಿತು, ಬದಲಿಗೆ ಕೊಟ್ಟಿದ್ದು ಐದು ಜನ ಆಟಗಾರರನ್ನ. ಕೇಳೋಕೆ ಭಾರಿ ಬೆಲೆ ಅನ್ಸುತ್ತೆ ಅಲ್ವಾ? ಅದು ಬೆಲೆಯೇ ಅಲ್ಲ. ಈ ಲೀಗಿನಲ್ಲಿ ಒಂದು ಟೀಮು 50ಕ್ಕಿಂತ ಹೆಚ್ಚು ಒಪ್ಪಂದ ಇಟ್ಟುಕೊಳ್ಳೋ ಹಾಗಿಲ್ಲ. ಟೊರಾಂಟೊ ಆ ಮಿತಿಗೆ ಹತ್ತಿರವಿತ್ತು, ಮನೆ ಖಾಲಿ ಮಾಡಬೇಕಿತ್ತು, ಮಾಡಿತು. ಹಾಗೆ ಹೊರಗೆ ಹೋದ ಐವರಲ್ಲಿ ಕಾರ್ಟರ್ ವರ್‌ಹೇಗಿ ಅನ್ನೋ ಹುಡುಗನೂ ಇದ್ದ. ಮುಂದೆ ಫ್ಲೋರಿಡಾಗೆ ಆಡಿ 2022–23ರಲ್ಲಿ 42 ಗೋಲು ಹೊಡೆದದ್ದು ಅವನೇ. ಐಲ್ಯಾಂಡರ್ಸ್‌ಗೂ ಅದು ಗೊತ್ತಾಗಲಿಲ್ಲ ಬಿಡಿ, ಅವರೂ ಅವನನ್ನ ಅಗ್ಗಕ್ಕೆ ಬಿಟ್ಟುಕೊಟ್ಟರು.

ಟೊರಾಂಟೊದಲ್ಲಿ ಗ್ರಾಬ್ನರ್ 80 ಪಂದ್ಯಗಳಲ್ಲಿ ಹೊಡೆದಿದ್ದು 9 ಗೋಲು. ಕಥೆ ಮುಗೀತು ಅಂದುಕೊಂಡವರೇ ಹೆಚ್ಚು. 2016ರ ಬೇಸಿಗೆಯಲ್ಲಿ ನ್ಯೂಯಾರ್ಕ್ ರೇಂಜರ್ಸ್ ವರ್ಷಕ್ಕೆ 16.5 ಲಕ್ಷ ಡಾಲರ್‌ನಂತೆ ಎರಡು ವರ್ಷಕ್ಕೆ ಹಿಡಿಯಿತು. ಈ ಲೀಗಿನಲ್ಲಿ ಅದು ಚಿಲ್ಲರೆ ಸಂಬಳ. ಮೊದಲ ವರ್ಷ 27 ಗೋಲು. ಎರಡನೇ ವರ್ಷ 59 ಪಂದ್ಯಗಳಲ್ಲಿ 25 ಗೋಲು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಭಿಮಾನಿ ನೋಡೋದು 25 ಅನ್ನೋ ಅಂಕಿಯನ್ನ. ಟ್ರೇಡ್ ಮಾಡೋ ಮ್ಯಾನೇಜರ್ ಅದರ ಪಕ್ಕದ ಅಂಕಿಯನ್ನೂ ನೋಡಬೇಕು. ಆ 59 ಪಂದ್ಯಗಳಲ್ಲಿ ಗ್ರಾಬ್ನರ್ ಬೇರೆಯವರ ಗೋಲಿಗೆ ನೆರವಾಗಿದ್ದು ಬರೀ 6 ಸಲ. 25 ಗೋಲು, 6 ಅಸಿಸ್ಟ್! ಅಂದರೆ ಇವರು ಆಟ ಕಟ್ಟೋ ಆಟಗಾರ ಅಲ್ಲ. ಎದುರಾಳಿ ಎಡವಿದಾಗ ಪಕ್ ಹಿಡಿದು ಒಬ್ಬರೇ ಮುಂದೆ ನುಗ್ಗೋ ಆಟಗಾರ. ಇನ್ನೊಂದು ವಿಷಯ, ಸೋಲುತ್ತಿರೋ ಟೀಮು ಕೊನೆಯ ನಿಮಿಷಗಳಲ್ಲಿ ಗೋಲಿಯನ್ನ ಹೊರಗೆ ಕರೆಸಿ ಒಬ್ಬ ಹೆಚ್ಚುವರಿ ಫಾರ್ವರ್ಡ್‌ನನ್ನ ಇಳಿಸುತ್ತೆ. ಗೋಲು ಖಾಲಿ ಇರುತ್ತೆ. ಆ ಖಾಲಿ ಗೋಲಿಗೆ ಮೊದಲು ತಲುಪೋದು ಯಾರು? ಅತಿ ವೇಗದ ಕಾಲು. ಗ್ರಾಬ್ನರ್ ಅವರ 25ರಲ್ಲಿ ಅಂಥವು ಸಾಕಷ್ಟಿದ್ದವು.

ಹಾಗಂತ ಅವು ಸುಳ್ಳು ಗೋಲುಗಳಲ್ಲ. ಕೋಚ್ ಒಂದು ಗೋಲಿನ ಮುನ್ನಡೆ ಕಾಪಾಡೋಕೆ ಇವರನ್ನೇ ಇಳಿಸ್ತಿದ್ದರು ಅಂದರೆ ನಂಬಿಕೆ ಇತ್ತು ಅಂತಲೇ ಅರ್ಥ. ಒಬ್ಬ ಆಟಗಾರ ಶಿಕ್ಷೆಗೆ ಹೊರಗೆ ಕೂತಾಗ ಉಳಿದ ನಾಲ್ವರು ಎರಡು ನಿಮಿಷ ತಡೆದು ನಿಲ್ಲೋ ಪೆನಾಲ್ಟಿ ಕಿಲ್‌ನಲ್ಲೂ ವೇಗ ಇರೋನು ಬೆಲೆಬಾಳುತ್ತಾನೆ. ಅವನ ಭಯಕ್ಕೆ ಎದುರಾಳಿ ಡಿಫೆಂಡರ್‌ಗಳು ನಾಲ್ಕು ಹೆಜ್ಜೆ ಹಿಂದೆ ನಿಲ್ತಾರೆ. ಆ ನಾಲ್ಕು ಹೆಜ್ಜೆ ಯಾವ ಸ್ಕೋರ್‌ಶೀಟಿನಲ್ಲೂ ಬರಲ್ಲ. ಪ್ರಶ್ನೆ ಇರೋದು, ಈ ಗೋಲುಗಳು ಹೊಸ ಊರಿಗೆ ಜೊತೆಯಲ್ಲಿ ಬರ್ತವಾ ಅನ್ನೋದು.

2018ರ ಫೆಬ್ರುವರಿ 8ರಂದು ರೇಂಜರ್ಸ್ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದು, ಟೀಮನ್ನ ಹೊಸದಾಗಿ ಕಟ್ಟುತ್ತೇವೆ, ನಿಮಗೆ ಪ್ರಿಯರಾದವರು ಹೋಗಬಹುದು ಅಂತ ತಿಳಿಸಿತು. ಎರಡು ವಾರದಲ್ಲಿ, 22ರಂದು, ಗ್ರಾಬ್ನರ್ ನದಿ ದಾಟಿ ನ್ಯೂಜೆರ್ಸಿ ಡೆವಿಲ್ಸ್ ಸೇರಿದರು. ಡೆವಿಲ್ಸ್ 1982ರಲ್ಲಿ ನ್ಯೂಜೆರ್ಸಿಗೆ ಬಂದ ಮೇಲೆ ಈ ಎರಡು ನೆರೆಯ ಟೀಮುಗಳ ನಡುವೆ ನಡೆದ ಮೊದಲ ಟ್ರೇಡ್ ಅದು. ಬೆಲೆ: ಎರಡನೇ ಸುತ್ತಿನ ಒಂದು ಆಯ್ಕೆ, ಜೊತೆಗೆ ಯೆಗೊರ್ ರೈಕೊವ್ ಅನ್ನೋ ಯುವ ಡಿಫೆಂಡರ್.

‘25 ಗೋಲಿನವನಿಗೆ ಇಷ್ಟೇನಾ?’ ಅಂತ ಬೇಸರ ಪಟ್ಟ ಅಭಿಮಾನಿಗಳು ಇದ್ದರು. ನನ್ನ ಲೆಕ್ಕದಲ್ಲಿ ರೇಂಜರ್ಸ್‌ಗೆ ಸಿಕ್ಕಿದ್ದು ಹೆಚ್ಚೇ. ಒಪ್ಪಂದ ಜುಲೈಗೆ ಮುಗೀತಿತ್ತು, ಅಲ್ಲಿವರೆಗೆ ಇಟ್ಟುಕೊಂಡಿದ್ದರೆ ಕೈ ಖಾಲಿ. ಡೆವಿಲ್ಸ್ ಪರ 21 ಪಂದ್ಯಗಳಲ್ಲಿ ಗ್ರಾಬ್ನರ್ ಹೊಡೆದಿದ್ದು 2 ಗೋಲು. ಪ್ಲೇಆಫ್‌ನ ಮೊದಲ ಸುತ್ತಲ್ಲೇ ಟ್ಯಾಂಪಾ ಬೇ ಎದುರು ಡೆವಿಲ್ಸ್ ಐದು ಪಂದ್ಯಗಳಲ್ಲಿ ಸೋತಿತು, ಆ ಐದರಲ್ಲೂ ಇವರಿಗೆ ಎಲ್ಲ ದಿನ ಜಾಗ ಸಿಗಲಿಲ್ಲ. ಇತ್ತ ರೈಕೊವ್ ಎನ್‌ಎಚ್‌ಎಲ್‌ನಲ್ಲಿ ಆಡಲೇ ಇಲ್ಲ. ಆದರೆ ಆ ಎರಡನೇ ಸುತ್ತಿನ ಆಯ್ಕೆ, 48ನೆಯದು, ರೇಂಜರ್ಸ್‌ಗೆ ಕೆಲಸಕ್ಕೆ ಬಂತು. ಅದನ್ನ ತಮ್ಮ 26ನೇ ಆಯ್ಕೆಯ ಜೊತೆ ಒಟಾವಾಗೆ ಕೊಟ್ಟು 22ಕ್ಕೆ ಏರಿದರು, ಕೆ‌ಆಂಡ್ರೆ ಮಿಲ್ಲರ್ ಅವರನ್ನ ಆರಿಸಿದರು. ಮಿಲ್ಲರ್ ಮುಂದೆ ವರ್ಷಗಟ್ಟಲೆ ಅವರ ಡಿಫೆನ್ಸ್‌ನಲ್ಲಿ ಆಡಿದರು.

ಇದಕ್ಕಿಂತ ದುಬಾರಿ ತಪ್ಪು ಎಡ್ಮಂಟನ್‌ನದ್ದು. ಆಂಡ್ರಿಯಾಸ್ ಅಥನಾಸಿಯು, ಡೆಟ್ರಾಯಿಟ್‌ನ ಮಿಂಚು. 2018–19ರಲ್ಲಿ 30 ಗೋಲು. ಮುಂದಿನ ಸೀಸನ್‌ನಲ್ಲಿ 46 ಪಂದ್ಯಕ್ಕೆ 10 ಗೋಲು, ಪ್ಲಸ್–ಮೈನಸ್ ಲೆಕ್ಕದಲ್ಲಿ ಮೈನಸ್ 45. ಕೆಟ್ಟ ಟೀಮಿನಲ್ಲಿದ್ದ ಅನ್ನೋದು ನಿಜ, ಆದರೂ 45! 2020ರ ಫೆಬ್ರುವರಿ 24ರಂದು ಎಡ್ಮಂಟನ್ ಎರಡೆರಡು ಎರಡನೇ ಸುತ್ತಿನ ಆಯ್ಕೆ ಜೊತೆಗೆ ಸ್ಯಾಮ್ ಗ್ಯಾಗ್ನರ್ ಅವರನ್ನ ಕೊಟ್ಟು ತಂದಿತು. ಕಾನರ್ ಮೆಕ್‌ಡೇವಿಡ್ ಇರೋ ಟೀಮು, ವೇಗಕ್ಕೆ ವೇಗ ಸೇರಲಿ ಅನ್ನೋ ಆಸೆ. 9 ಪಂದ್ಯ ಆಡುವಷ್ಟರಲ್ಲಿ ಕೋವಿಡ್ ಬಂದು ಸೀಸನ್ ನಿಂತಿತು. ಅಕ್ಟೋಬರ್‌ನಲ್ಲಿ ಅವರ ಹಕ್ಕು ಉಳಿಸಿಕೊಳ್ಳೋಕೆ ಸುಮಾರು 30 ಲಕ್ಷ ಡಾಲರ್‌ನ ಪ್ರಸ್ತಾಪ ಇಡಬೇಕಿತ್ತು. ಎಡ್ಮಂಟನ್ ಇಡಲಿಲ್ಲ, ಬಿಟ್ಟುಬಿಟ್ಟಿತು. ಲಾಸ್ ಏಂಜಲೀಸ್ ಕಿಂಗ್ಸ್ 12 ಲಕ್ಷಕ್ಕೆ ಹಿಡಿಯಿತು. ಕೋವಿಡ್ ಯಾರ ಕೈಯಲ್ಲೂ ಇರಲಿಲ್ಲ, ಆದರೆ ಆ ಪ್ರಸ್ತಾಪದ ಮೊತ್ತ ಟ್ರೇಡ್ ಮಾಡೋ ದಿನವೇ ಕಾಗದದ ಮೇಲಿತ್ತು.

ಅದೇ ತಿಂಗಳು, ಎಂಟು ದಿನ ಮೊದಲು, ಟ್ಯಾಂಪಾ ಬೇ ಇದಕ್ಕಿಂತ ದೊಡ್ಡ ಬೆಲೆ ಕೊಟ್ಟಿತ್ತು. ಡೆವಿಲ್ಸ್‌ನ ಬ್ಲೇಕ್ ಕೋಲ್‌ಮನ್‌ಗಾಗಿ ಮೊದಲ ಸುತ್ತಿನ ಒಂದು ಆಯ್ಕೆ, ಜೊತೆಗೆ ಹಿಂದಿನ ವರ್ಷವಷ್ಟೇ ಮೊದಲ ಸುತ್ತಿನಲ್ಲಿ ಆರಿಸಿದ್ದ ನೋಲನ್ ಫೂಟ್. ಆಗ ನಕ್ಕವರಿದ್ದರು. ಆದರೆ ಕೋಲ್‌ಮನ್ ಒಪ್ಪಂದ ವರ್ಷಕ್ಕೆ ಬರೀ 18 ಲಕ್ಷ ಡಾಲರ್, ಅದೂ ಮುಂದಿನ ಸೀಸನ್ ಮುಗಿಯೋವರೆಗೆ. ಸ್ಯಾಲರಿ ಕ್ಯಾಪ್ ಕತ್ತು ಹಿಡಿದಿದ್ದ ಟ್ಯಾಂಪಾಗೆ ಒಬ್ಬ ಆಟಗಾರನಿಂದ ಎರಡು ಪ್ಲೇಆಫ್ ಸಿಗ್ತಿತ್ತು. ಜೊತೆಗೆ ಪೆನಾಲ್ಟಿ ಕಿಲ್, ಮೈಮುಟ್ಟಿ ಆಡೋ ಗುಣ. 2020 ಮತ್ತು 2021, ಎರಡೂ ಸಲ ಕಪ್ ಟ್ಯಾಂಪಾದ್ದು.

ಆದ್ದರಿಂದ ಬೆಲೆ ಕಟ್ಟುವಾಗ ನಾನು ಸ್ಪೀಡನ್ನ ಕೊನೆಗೆ ನೋಡ್ತೀನಿ. ಮೊದಲು ಒಪ್ಪಂದದ ಕಾಗದ. ಆಮೇಲೆ, ಗೋಲು ಬರದ ತಿಂಗಳಲ್ಲೂ ಕೋಚ್ ಇವನನ್ನ ಇಳಿಸ್ತಾನಾ ಅನ್ನೋದು. ಆಮೇಲೆ ಕೊಳ್ಳೋ ಟೀಮಿನ ಆಟದ ಶೈಲಿ. ಈ ಮೂರನೆಯದನ್ನ ಜನ ಮರೀತಾರೆ. ಕಾರ್ಲ್ ಹಾಗೆಲಿನ್ 2015–16ರಲ್ಲಿ ಅನಾಹೈಮ್ ಪರ 43 ಪಂದ್ಯಗಳಲ್ಲಿ 4 ಗೋಲು ಹೊಡೆದಿದ್ದರು. ಜನವರಿಯಲ್ಲಿ ಪಿಟ್ಸ್‌ಬರ್ಗ್ ತಗೊಂಡಿತು. ಅಲ್ಲಿ ಡಿಸೆಂಬರ್‌ನಲ್ಲಷ್ಟೇ ಬಂದಿದ್ದ ಕೋಚ್ ಮೈಕ್ ಸಲಿವನ್ ಇಡೀ ಟೀಮನ್ನ ವೇಗವಾಗಿ ಆಡಿಸ್ತಿದ್ದರು. ಬೋನಿನೊ, ಕೆಸೆಲ್ ಜೊತೆ ಹಾಗೆಲಿನ್ ಲೈನ್ ಕೂಡಿಕೊಂಡಿತು, ಜೂನ್‌ನಲ್ಲಿ ಕಪ್ ಬಂತು. ಅದೇ ಹಾಗೆಲಿನ್ 2019ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್‌ನಿಂದ ವಾಷಿಂಗ್ಟನ್‌ಗೆ ಹೋದಾಗ ಸಿಕ್ಕಿದ್ದು ಮೂರನೇ ಸುತ್ತಿನ ಒಂದು ಆಯ್ಕೆ, ಷರತ್ತಿನ ಮೇಲೆ ಆರನೇ ಸುತ್ತಿನ ಇನ್ನೊಂದು. ಅದಕ್ಕೂ 40 ಲಕ್ಷ ಡಾಲರ್ ಸಂಬಳದ ಅರ್ಧ ಮಾರಿದವರೇ ಹೊರಬೇಕಾಯಿತು.

2023ರಿಂದ ಲೀಗಿನ ಎನ್‌ಎಚ್‌ಎಲ್ ಎಡ್ಜ್ ತಾಣದಲ್ಲಿ ಪ್ರತಿಯೊಬ್ಬ ಆಟಗಾರನ ಗರಿಷ್ಠ ವೇಗವನ್ನ ಯಾರು ಬೇಕಾದರೂ ನೋಡಬಹುದು. ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್ ದಾಟಿದ್ದು ಎಷ್ಟು ಸಲ ಅನ್ನೋದೂ ಅಲ್ಲಿದೆ. ಹಾಗಾಗಿ ‘ನಮ್ಮ ಹುಡುಗ ವೇಗದವನು’ ಅಂತ ಹೇಳಿ ಯಾರಿಗೂ ಹೆಚ್ಚು ಬೆಲೆ ಹೇಳೋಕಾಗಲ್ಲ, ಕೊಳ್ಳೋನಿಗೆ ಅದು ಮೊದಲೇ ಗೊತ್ತು. ನಿಮ್ಮ ಟೀಮಿನ ಆ ಮೂರನೇ ಲೈನಿನ ಹುಡುಗನ ಒಪ್ಪಂದ ಈ ಬೇಸಿಗೆಗೇ ಮುಗಿಯೋದಾದರೆ, ಸಂಬಳ ಕಡಿಮೆ ಇದ್ದು ಪೆನಾಲ್ಟಿ ಕಿಲ್ ಆಡ್ತಿದ್ದರೆ, ಯಾರಾದರೂ ಎರಡನೇ ಸುತ್ತಿನ ಆಯ್ಕೆ ಕೊಡ್ತೀನಿ ಅಂದ ದಿನವೇ ಕೈ ಕುಲುಕಿ. ಪೆನಾಲ್ಟಿ ಕಿಲ್ ಆಡಲ್ಲ ಅಂದರೆ ಮೂರನೇ ಸುತ್ತಿನದಕ್ಕೂ ಒಪ್ಪಬಹುದು.

ಗ್ರಾಬ್ನರ್ ಆಮೇಲೆ ಏನಾದರು ಅಂತ ಕೇಳ್ತೀರಿ. ಅದೇ ಬೇಸಿಗೆ ಅರಿಜೋನಾ ಮೂರು ವರ್ಷಕ್ಕೆ ಒಂದು ಕೋಟಿ ಡಾಲರ್‌ಗೂ ಸ್ವಲ್ಪ ಹೆಚ್ಚು ಕೊಟ್ಟಿತು. ಡಿಸೆಂಬರ್‌ನಲ್ಲಿ ಎದುರಾಳಿಯ ಸ್ಟಿಕ್ ಕಣ್ಣಿಗೆ ತಾಗಿತು, ಆ ಕಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಅದರ ಮೇಲೂ ಅವರು ಮತ್ತೆ ಮಂಜಿಗಿಳಿದು ಆಡಿದರು.