ಲೈಬ್ರರಿಗೆ ಯಾವ ಭಾಷೆ? ಆಪ್‌ಗೆ ಯಾವ ಭಾಷೆ?

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯಲು ಯಾವ ಭಾಷೆ ಮೇಲು? ಬರೆಯುವುದೇನೆಂಬುದನ್ನು ನಾವು ಮೊದಲು ವಿಚಾರಿಸಬೇಕು. ಜನರು ನೇರವಾಗಿ ಬಳಸುವುದು ಆಪ್. ಇತರ ಪ್ರೋಗ್ರಾಂಗಳು ಕರೆದು ಕೆಲಸ ಮಾಡಿಸಿಕೊಳ್ಳುವುದು ಲೈಬ್ರರಿ. ಮನೆಯ ಕೊಡ ಯಾವ ಲೋಹದ್ದಾದರೂ ಆದೀತು. ಊರ ಬಾವಿಗೆ ಎಲ್ಲರ ಹಗ್ಗವೂ ಇಳಿಯಬೇಕು.

2000ದಲ್ಲಿ ರಿಚರ್ಡ್ ಹಿಪ್ ಅವರು ಹೊರತಂದ ಎಸ್‌ಕ್ಯೂಲೈಟ್ ಎಂಬ ದತ್ತಾಂಶ ಲೈಬ್ರರಿಯು ಸಿ ಭಾಷೆಯಲ್ಲಿದೆ. ಬಹುತೇಕ ಎಲ್ಲ ಭಾಷೆಗಳೂ ಸಿ ಲೈಬ್ರರಿಯನ್ನು ಕರೆಯಬಲ್ಲವು. ಆದುದರಿಂದಲೇ ಪೈಥಾನ್, ಜಾವಾ ಆಪ್‌ಗಳೂ ಅದನ್ನು ಬಳಸುತ್ತವೆ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಅದುಂಟು. ಅದನ್ನು ಪೈಥಾನಿನಲ್ಲಿ ಬರೆದಿದ್ದರೆ ಪ್ರತಿಯೊಂದು ಫೋನೂ ಪೈಥಾನಿನ ಹೊರೆಯನ್ನು ಹೊರಬೇಕಾಗುತ್ತಿತ್ತು.

ಆದರೆ ಸಿ ಭಾಷೆಯಲ್ಲಿ ಮೆಮೊರಿಯ ಲೆಕ್ಕವನ್ನು ಬರೆಯುವವರೇ ಇಡಬೇಕು, ತಪ್ಪಿದರೆ ಅಪಾಯ. ಆಪ್ ಬರೆಯುವವರು ಆ ಕಷ್ಟವಿಲ್ಲದ ಸುಲಭ ಭಾಷೆಯನ್ನು ಆರಿಸಬಹುದು. ಲೈಬ್ರರಿ ಬರೆಯುವವರಾದರೋ ಮುಂದೆ ಅದನ್ನು ಕರೆಯತಕ್ಕವರೆಲ್ಲರನ್ನೂ ನೆನೆದು ಭಾಷೆಯನ್ನು ಆರಿಸಬೇಕು.