ರಕ್ತಪರೀಕ್ಷೆಯ ವರದಿಯಲ್ಲೊಂದು ಗುಡ್ಡ

ಉದ್ಯೋಗನಿಮಿತ್ತ ವಿಶಾಖಪಟ್ಟಣಕ್ಕೆ ಬಂದು ಎಂವಿಪಿ ಕಾಲೋನಿಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ತೆಲುಗು ಲಿಪಿಯನ್ನು ಓದುವುದು ಅಷ್ಟೇನೂ ಕಷ್ಟವೆನಿಸದು; ಎರಡೂ ಒಂದೇ ಮೂಲದಿಂದ ಕವಲೊಡೆದ ಲಿಪಿಗಳು. ಆದರೆ ರಕ್ತಪರೀಕ್ಷೆಯ ವರದಿಗಳಲ್ಲಿ ಹಲವು ವೇಳೆ ಅಚ್ಚಾಗಿರುವ, ಕೈಲಾಸಗಿರಿಯನ್ನು ನೆನಪಿಸುವ ಗುಡ್ಡದಾಕಾರದ ಸಣ್ಣ ಚಿತ್ರವನ್ನು ಓದಬಲ್ಲವರು ವಿರಳ. ಅಂಕಿಗಳನ್ನು ನೋಡಿ ಕಾಗದವನ್ನು ಮಡಿಚಿಡುವುದೇ ರೂಢಿ. ಆ ಚಿತ್ರದ ಹೆಸರು ಹಿಸ್ಟೋಗ್ರಾಂ.

ಇದನ್ನು ಸ್ತಂಭನಕ್ಷೆಯೆಂದು ಭ್ರಮಿಸುವವರುಂಟು. ಸ್ತಂಭನಕ್ಷೆ ಬೇರೆ ಬೇರೆ ವಸ್ತುಗಳನ್ನು ಹೋಲಿಸುತ್ತದೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರ ತನ್ನ ಗ್ರಂಥದಲ್ಲಿ ಅದನ್ನು ಬಳಸಿದನು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ಸ್ತ್ರೀಯರಲ್ಲಿ ರಕ್ತಹೀನತೆಯುಳ್ಳವರು ಕರ್ನಾಟಕದಲ್ಲಿ ಶೇಕಡಾ 47.8, ಆಂಧ್ರಪ್ರದೇಶದಲ್ಲಿ ಶೇಕಡಾ 58.8, ಭಾರತದಲ್ಲಿ ಒಟ್ಟಾರೆ ಶೇಕಡಾ 57. ಇವನ್ನು ಮೂರು ಕಂಬಗಳಾಗಿ ಬರೆದರೆ ಅದು ಸ್ತಂಭನಕ್ಷೆ. ಕಂಬಗಳ ನಡುವೆ ತೆರಪಿರುತ್ತದೆ, ಯಾವುದನ್ನು ಮೊದಲಿಟ್ಟರೂ ಅರ್ಥ ಕೆಡದು, ಎತ್ತರವೇ ಮುಖ್ಯ.

ಹಿಸ್ಟೋಗ್ರಾಂ ಹಾಗಲ್ಲ. ಅದು ಒಂದೇ ಅಳತೆಯ ಹಂಚಿಕೆಯನ್ನು ತೋರುತ್ತದೆ. ಆ ಹೆಸರನ್ನಿತ್ತವನು ಆಂಗ್ಲ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್‌ಸನ್. ನೂರು ಸ್ತ್ರೀಯರ ಹಿಮೋಗ್ಲೋಬಿನ್ ಅಳೆದು 8ರಿಂದ 9 ಗ್ರಾಂ, 9ರಿಂದ 10 ಗ್ರಾಂ ಎಂದು ವಿಂಗಡಿಸಿದರೆ, ಒಂದು ವರ್ಗ ಮುಗಿದಲ್ಲಿಯೇ ಮುಂದಿನದರ ಆರಂಭ. ಆದುದರಿಂದ ಆಯತಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಅವುಗಳ ಕ್ರಮವನ್ನು ಬದಲಿಸುವಂತಿಲ್ಲ. ಇಲ್ಲಿ ಎಣಿಕೆಯನ್ನು ಹೇಳುವುದು ವಿಸ್ತೀರ್ಣ. 20 ಮಂದಿಯುಳ್ಳ ವರ್ಗದ ಅಗಲ 1 ಗ್ರಾಂ ಆದರೆ ಎತ್ತರ 20. ಅಗಲ 2 ಗ್ರಾಂ ಆದರೆ ಎತ್ತರ 10 ಮಾತ್ರ.

ರಕ್ತದ ವರದಿಯಲ್ಲಿ ಅಳೆಯಲ್ಪಡುವುದು ಕೆಂಪು ಕಣಗಳ ಗಾತ್ರ. ಅಮೆರಿಕದ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ತತ್ತ್ವದಂತೆ, ಕಣಗಳು ಸೂಕ್ಷ್ಮರಂಧ್ರವೊಂದರಲ್ಲಿ ಒಂದೊಂದಾಗಿ ಹಾಯುವಾಗ ವಿದ್ಯುತ್‌ರೋಧದಲ್ಲಾಗುವ ಬದಲಾವಣೆಯಿಂದ ಪ್ರತಿಯೊಂದರ ಗಾತ್ರ ತಿಳಿಯುತ್ತದೆ. ಸಾವಿರಾರು ಕಣಗಳನ್ನು ಅತಿ ಕಿರಿದಾದ ವರ್ಗಗಳಲ್ಲಿ ಎಣಿಸುವುದರಿಂದ ಆಯತಗಳ ತುದಿಗಳು ಕೂಡಿ ಗುಡ್ಡದಂತೆ ನಯವಾಗಿ ಕಾಣುತ್ತವೆ. ವಯಸ್ಕರಲ್ಲಿ ಸರಾಸರಿ ಗಾತ್ರ ಸಾಮಾನ್ಯವಾಗಿ 80ರಿಂದ 100 ಫೆಮ್ಟೋಲೀಟರ್.

ಕಬ್ಬಿಣದ ಕೊರತೆಯಲ್ಲಿ ಕಣಗಳು ಕಿರಿದಾಗಿ ಗುಡ್ಡ ಎಡಕ್ಕೆ ಸರಿಯುತ್ತದೆ. ಬಿ12 ಅಥವಾ ಫೋಲೇಟಿನ ಕೊರತೆಯಲ್ಲಿ ಹಿರಿದಾಗಿ ಬಲಕ್ಕೆ ಸರಿಯುತ್ತದೆ. ಎರಡು ಬಗೆಯ ಕೊರತೆಗಳೂ ಒಂದೇ ದೇಹದಲ್ಲಿದ್ದರೆ? ಸರಾಸರಿ 90 ಎಂದು ಬಂದು, ಎಲ್ಲವೂ ಸರಿಯಿದೆಯೆಂಬ ಭ್ರಮೆ ಹುಟ್ಟಬಹುದು. ಆಗ ಗುಡ್ಡದ ತಳ ಅಗಲವಾಗಬಹುದು, ಇಲ್ಲವೇ ಎರಡು ಶಿಖರಗಳು ತೋರಬಹುದು. ವರದಿಯ 'ಆರ್‌ಡಿಡಬ್ಲ್ಯು' ಎಂಬ ಅಂಕಿ ಈ ಹರವಿನ ಅಳತೆಯೇ. ಸರಾಸರಿ ಮುಚ್ಚಿಟ್ಟುದನ್ನು ಚಿತ್ರ ಬಯಲಿಗೆಳೆಯುತ್ತದೆ.

ಆದರೂ ಎರಡು ಶಿಖರಗಳನ್ನು ಕಂಡೊಡನೆ ಗಾಬರಿಗೊಳ್ಳಬೇಕಾಗಿಲ್ಲ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಕಬ್ಬಿಣದ ಮಾತ್ರೆ ಫಲ ಕೊಡುತ್ತಿರುವಾಗ ಹಳೆಯ ಕಿರುಕಣಗಳೊಡನೆ ಹೊಸ ಕಣಗಳು ಕೆಲಕಾಲ ಕೂಡಿಬಾಳುತ್ತವೆ; ರಕ್ತ ಕೊಡಿಸಿದ ಬಳಿಕವೂ ಹಾಗಾಗಬಹುದು. ಚಿತ್ರ ಸುಳಿವನ್ನು ಮಾತ್ರ ಕೊಡುತ್ತದೆ, ನಿರ್ಣಯ ವೈದ್ಯರದು.

ರಜೆಯಲ್ಲಿ ತವರೂರಿಗೆ ಹೋಗಿ ಅಲ್ಲಿನ ವೈದ್ಯರನ್ನು ಕಾಣುವವರು ಅಂಕಿಗಳನ್ನಷ್ಟೇ ಚೀಟಿಯಲ್ಲಿ ಬರೆದೊಯ್ಯದೆ, ಚಿತ್ರಸಹಿತವಾದ ಪೂರ್ಣ ವರದಿಯನ್ನೂ ಹಳೆಯ ವರದಿಗಳನ್ನೂ ಜೊತೆಗೊಯ್ಯುವುದು ಕ್ಷೇಮಕರ.