ತೊಟ್ಟಿ ಮಗುಚಿದ ದಂಡಿನ ಡಾಕ್ಟರು

ಮೊಟ್ಟೆ, ಲಾರ್ವಾ, ಪ್ಯೂಪಾ, ರೆಕ್ಕೆ ಬಲಿತ ಸೊಳ್ಳೆ. ನಡುವೆ ನಾಲ್ಕು ಬಾಣದ ಗುರುತು. ಈ ಚಿತ್ರ ಬರೆಯದೆ ಹೈಸ್ಕೂಲು ದಾಟಿದವರು ಕಡಿಮೆ. ಯುರೋಪಿನ ಕೀಟಶಾಸ್ತ್ರಜ್ಞರಿಗೆ ಇದು ಹದಿನೆಂಟನೇ ಶತಮಾನದಲ್ಲೇ ಗೊತ್ತಿತ್ತು. ಅದು ರೋಗ ತಡೆಯುವ ಆಯುಧವಾದ ಕಥೆ ಮಾತ್ರ ಬೆಂಗಳೂರು ದಂಡಿನ ಒಂದು ಬಂಗಲೆಯನ್ನು ಹಾದುಹೋಗುತ್ತದೆ.

1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾ ವೈದ್ಯ ಇಲ್ಲಿಗೆ ಬಂದ. ಹವೆ ಹಿತವಾಗಿತ್ತು, ಬಂಗಲೆಯೂ ಒಪ್ಪಿತು; ಸೊಳ್ಳೆ ಕಾಟ ಮಾತ್ರ ತಡೆಯಲಾಗಲಿಲ್ಲ. ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳುಗಳು ಬಳುಕಾಡುತ್ತಿದ್ದವು. ತೊಟ್ಟಿ ಮಗುಚಿದ, ಕಾಟ ಇಳಿಯಿತು. ಸೇನಾಧಿಕಾರಿಗಳ ಮೆಸ್ಸಿನಲ್ಲೂ ಹೀಗೇ ಮಾಡೋಣವೆಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನೂ ಯಾವುದೋ ಉದ್ದೇಶಕ್ಕೆ ಸೃಷ್ಟಿಸಲಾಗಿದೆ, ಸಹಿಸಿಕೊಳ್ಳಬೇಕು ಎಂಬುದು ಆತನ ವಾದ. ರಾಸ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾನೆ.

ಮಲೇರಿಯಾದ ಪರೋಪಜೀವಿಯನ್ನು ಫ್ರೆಂಚ್ ವೈದ್ಯ ಲಾವೆರಾನ್ 1880ರಲ್ಲೇ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಕಂಡಿದ್ದ. ಅದಕ್ಕೂ ತೊಟ್ಟಿಯ ಹುಳುವಿಗೂ ನಂಟಿರಬಹುದೆಂದು ರಾಸ್‌ಗೆ ಆಗ ಹೊಳೆದಿರಲಿಲ್ಲ. ಸೊಳ್ಳೆಯ ಮೇಲೆ ಅನುಮಾನಪಡುವಂತೆ 1894ರಲ್ಲಿ ಲಂಡನ್ನಿನಲ್ಲಿ ಹೇಳಿದವನು ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್. ಮರುವರ್ಷ ಸಿಕಂದರಾಬಾದಿನಲ್ಲಿ ಸೊಳ್ಳೆಗಳನ್ನು ಸೀಳಿ ನೋಡುತ್ತಿದ್ದವನನ್ನು ಸರ್ಕಾರ ಕಾಲರಾ ಕೆಲಸಕ್ಕೆಂದು ಮತ್ತೆ ಬೆಂಗಳೂರಿಗೆ ಕಳಿಸಿತು. ಇಲ್ಲಿಂದ ಹಿಂತಿರುಗಿದ ಮೇಲೆಯೇ, 1897ರ ಆಗಸ್ಟ್ 20ರಂದು, ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಆ ಪರೋಪಜೀವಿ ಕಣ್ಣಿಗೆ ಬಿತ್ತು. 1902ರಲ್ಲಿ ನೊಬೆಲ್ ಬಂತು. ನನಗೆ ದೊಡ್ಡದೆನಿಸುವುದು ಆ ಹದಿನಾಲ್ಕು ವರ್ಷಗಳ ಅಂತರ: ಕಾರಣ ತಿಳಿಯುವ ಮೊದಲೇ ಮದ್ದು ಬೆಂಗಳೂರಿನಲ್ಲಿ ಅವನ ಕೈಗೆ ಸಿಕ್ಕಿತ್ತು.

ಆ ಮದ್ದಿನ ಹಿಂದಿರುವುದು ಶಾಲೆಯ ವಿಜ್ಞಾನವೇ. ಲಾರ್ವಾ ನೀರಿನಲ್ಲಿದ್ದರೂ ಮೀನಿನಂತೆ ನೀರಿನಿಂದ ಆಮ್ಲಜನಕ ಹೀರಿ ಬದುಕಲಾರದು. ಮೇಲ್ಮೈಗೆ ಬಂದು ಗಾಳಿ ಎಳೆದುಕೊಳ್ಳಬೇಕು. ಮಲೇರಿಯಾ ಹರಡುವ ಅನಾಫಿಲಿಸ್‌ನ ಲಾರ್ವಾ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗುತ್ತದೆ. ಡೆಂಗಿ ಹರಡುವ ಈಡಿಸ್‌ನದು ಬಾಲದ ಕಡೆಯ ಉಸಿರುಕೊಳವೆಯನ್ನು ಮೇಲಿಟ್ಟು ತಲೆಕೆಳಗಾಗಿ ತೂಗುತ್ತದೆ. ನೀರಿನ ಮೇಲ್ಮೈ ಎಳೆತವೇ ಅದಕ್ಕೆ ಆಸರೆ. ಸೀಮೆಎಣ್ಣೆ ಹನಿಸಿದರೆ ಆ ಎಳೆತ ತಗ್ಗುತ್ತದೆ, ಕೊಳವೆ ಕಟ್ಟುತ್ತದೆ, ಹುಳು ಉಸಿರುಗಟ್ಟಿ ಸಾಯುತ್ತದೆ. ಕುಡಿಯುವ ನೀರಿಗೆ ಆ ಉಪಾಯ ಸಲ್ಲದು.

ಈಡಿಸ್‌ನ ಮುಂದೆ ರಾಸ್‌ನ ವಿದ್ಯೆಯೊಂದೇ ಸಾಲದು. ಅದು ಪಾತ್ರೆಯ ಒಳಗೋಡೆಗೆ, ನೀರಿನ ಅಂಚಿಗೆ ಸ್ವಲ್ಪ ಮೇಲೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುವ ಆ ಮೊಟ್ಟೆಗಳು ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ. ಡ್ರಮ್ಮು ಬರಿದು ಮಾಡಿದರೆ ಮುಗಿಯಲಿಲ್ಲ, ಒಳಗೋಡೆ ತಿಕ್ಕಬೇಕು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ವಾರಕ್ಕೊಮ್ಮೆ ತೊಳೆಯಿರಿ ಎಂದು ಆಶಾ ಕಾರ್ಯಕರ್ತೆಯರು ಹೇಳುವ ಲೆಕ್ಕ ಇದು.

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ದಂಡ ಹಾಕುವ ನಿಯಮ ತಂದಿತು. ಇಂದಿರಾನಗರದ ಬಾಲ್ಕನಿಯ ಹೂಕುಂಡದ ತಟ್ಟೆಗೆ ಆ ನಿಯಮ ಸರಿಯೇ. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು ನಿಂತಿದ್ದ ಕೆ.ಆರ್. ಪುರದ ಕಡೆಯ ಮನೆಗಳು ಡ್ರಮ್ಮು ತುಂಬಿಡದೆ ಏನು ಮಾಡಬೇಕಿತ್ತು? ಅಲ್ಲಿಗೆ ದಂಡದ ಚೀಟಿಗಿಂತ ಮೊದಲು ಹೋಗಬೇಕಾದದ್ದು ದಿನವೂ ಬರುವ ನಲ್ಲಿ ನೀರು; ಅದು ಬರುವವರೆಗೆ ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟಲು ಒಂದು ಬಟ್ಟೆ.